ಬರುವಾಗಲೇ ಹಾರವೇಕೆ?

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಮಿಂಚಂಚೆಯೊಂದು ಬಂದಿತು. ಹೆಸರು ಬರೆಯುವುದಿಲ್ಲ. 1986ರ ಎಸ್ಸೆಸ್ಸೆಲ್ಸಿ ತಂಡದವರಿಗೆ ಈ ಲೇಖನ ಅರ್ಧ ಓದುವಷ್ಟರಲ್ಲಿ ಅವನಾರೆಂಬುದು ತಿಳಿದೇ ತಿಳಿಯುತ್ತದೆ. ಲೆಕ್ಕದಲ್ಲಿ ಬಲು ಚುರುಕು, ಕೈಬರಹ ಮಾತ್ರ ಕೋಳಿ ಕೆದರಿದಂತೆ. ಈಗ ಅಮೆರಿಕದ ಬಾಸ್ಟನ್ ನಗರದ ಹತ್ತಿರ ನೆಲೆಸಿದ್ದಾನೆ. ಅವನ ಪತ್ನಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಾರೆ. ಆ ಕಾರಣದಿಂದ ಅಲ್ಲಿಯ ಎರಡು ಪದಗ್ರಹಣ ಸಮಾರಂಭಗಳನ್ನು ಇವನು ಕಣ್ಣಾರೆ ನೋಡಿದ್ದಾನೆ.

ಪತ್ರದ ಸಾರಾಂಶ ಇಷ್ಟು. ಅವನು ಪದವಿ ಪಡೆದ ನಮ್ಮ ರಾಜ್ಯದ ವಿಶ್ವವಿದ್ಯಾನಿಲಯಕ್ಕೆ ಸದ್ಯದಲ್ಲೇ ಹೊಸ ಕುಲಪತಿಗಳು ಬರಲಿದ್ದಾರೆ. (ನಮ್ಮ ಕಾಲದಲ್ಲಿ ಉಪಕುಲಪತಿ ಎನ್ನುತ್ತಿದ್ದೆವು, ಹುದ್ದೆ ಅದೇ, ಹೆಸರಿಗೆ ಮಾತ್ರ ಬಡ್ತಿಯಾಗಿದೆ.) ಅಮೆರಿಕದಲ್ಲಿ ಹೊಸ ಪ್ರೆಸಿಡೆಂಟ್ ಬಂದಾಗ ಮಾಡುವಂತೆ ನಮ್ಮಲ್ಲಿಯೂ ಎರಡು ದಿನಗಳ ಉತ್ಸವ ಮಾಡಬೇಕೆಂಬುದು ಅವನ ಮತ್ತು ಅವನ ಗೆಳೆಯರ ಆಸೆ. ನಿಲುವಂಗಿ ತೊಟ್ಟ ಪ್ರಾಧ್ಯಾಪಕರ ಮೆರವಣಿಗೆ, ವಿಚಾರ ಸಂಕಿರಣ, ಸಂಗೀತ, ಔತಣ, ಎಲ್ಲವೂ ಆಗಬೇಕು. ಖರ್ಚನ್ನು ಹಳೆಯ ವಿದ್ಯಾರ್ಥಿಗಳು ಹೊರುತ್ತಾರೆ. "ಗುರುಗಳೇ, ತಾವು ತಮ್ಮ ಪುಟದಲ್ಲಿ ಎರಡು ಮಾತು ಬರೆದರೆ ನಮ್ಮವರು ನೂರಾರು ಜನ ಕೈಜೋಡಿಸುತ್ತಾರೆ. ಅವರ ಸಂಪ್ರದಾಯ ನೋಡಿ ಕಣ್ಣು ತುಂಬಿ ಬಂತು. ನಮಗೇಕೆ ಅಂಥದ್ದೊಂದು ಇಲ್ಲ?" ಎಂದು ಬರೆದು, ನಾಲ್ಕು ಛಾಯಾಚಿತ್ರಗಳನ್ನು ಲಗತ್ತಿಸಿದ್ದಾನೆ.

ಎರಡು ಮಾತು ಕೇಳಿದ್ದೀಯಪ್ಪ, ಎರಡು ಸಾವಿರ ಬರೆಯುತ್ತಿದ್ದೇನೆ. ಆದರೆ ನಿನಗೆ ಬೇಕಾದ ಮಾತುಗಳನ್ನಲ್ಲ. ಶಿಷ್ಯನ ಉತ್ಸಾಹಕ್ಕೆ ತಣ್ಣೀರೆರಚುವುದು ಮೇಷ್ಟ್ರಿಗೆ ಶೋಭಿಸುವುದಿಲ್ಲವೆಂದು ಎರಡು ದಿನ ಸುಮ್ಮನಿದ್ದೆ. ಸುಮ್ಮನಿದ್ದರೆ ಒಪ್ಪಿಗೆಯೆಂದು ತಿಳಿದು ನೀನು ಹಣ ಎತ್ತಲು ಆರಂಭಿಸುತ್ತೀಯೆ ಎಂದು ಹೆದರಿ ಬರೆಯಲು ಕುಳಿತೆ.

ಮೊದಲು, ಅಲ್ಲಿ ನಡೆಯುವುದೇನೆಂಬುದನ್ನು ನೋಡದವರಿಗಾಗಿ ಹೇಳಬೇಕು. ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಪ್ರೆಸಿಡೆಂಟ್ ಎಂದರೆ ನಮ್ಮ ಕುಲಪತಿಗಳ ಸ್ಥಾನದವರು. ಕೆಲಸಕ್ಕೆ ಸೇರುವುದು ಸಾಮಾನ್ಯವಾಗಿ ಬೇಸಿಗೆಯ ರಜೆಯಲ್ಲಿ, ಜುಲೈ ತಿಂಗಳಲ್ಲಿ. ಪದಗ್ರಹಣದ ಉತ್ಸವ ನಡೆಯುವುದು ಹುಡುಗರೆಲ್ಲ ಹಿಂತಿರುಗಿದ ಮೇಲೆ, ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್‌ನಲ್ಲಿಯೋ. ಅಂದರೆ ಗೃಹಸ್ಥನು ಮನೆ ಸೇರಿ ಮೂರು ತಿಂಗಳಾದ ಮೇಲೆ ಗೃಹಪ್ರವೇಶ! ಇತರ ವಿದ್ಯಾಸಂಸ್ಥೆಗಳ ಪ್ರತಿನಿಧಿಗಳು ಬರುತ್ತಾರೆ. ಯಾವ ಸಂಸ್ಥೆ ಹಳೆಯದೋ ಅದರವರು ಮುಂದೆ, ಹೊಸದರವರು ಹಿಂದೆ, ಹೀಗೆ ಸಾಲಾಗಿ ನಡೆಯುವುದು ವಾಡಿಕೆ. ನಮ್ಮ ಊರಿನ ತೇರಿನಲ್ಲಿ ಮೊದಲ ಮರ್ಯಾದೆ ಯಾವ ಮನೆತನಕ್ಕೆ ಎಂಬ ಜಗಳ ನೆನಪಿಗೆ ಬರುತ್ತದೆ. ಅಲ್ಲಿ ಜಗಳವಿಲ್ಲ, ಅಷ್ಟೇ ವ್ಯತ್ಯಾಸ.

2018ರ ಅಕ್ಟೋಬರ್‌ನಲ್ಲಿ ನಾನು ಮಗಳ ಮನೆಯಲ್ಲಿದ್ದೆ. ಆ ತಿಂಗಳ 5ರಂದು ಲಾರೆನ್ಸ್ ಬ್ಯಾಕೋ ಎಂಬವರು ಹಾರ್ವರ್ಡಿನ ಪ್ರೆಸಿಡೆಂಟರಾಗಿ ವಿಧ್ಯುಕ್ತವಾಗಿ ಅಧಿಕಾರ ಸ್ವೀಕರಿಸಿದರು. ಅದರ ಹಿಂದಿನ ದಿನ ನನ್ನನ್ನು ಆ ಆವರಣ ತೋರಿಸಲು ಕರೆದೊಯ್ದಿದ್ದರು. ಒಂದು ಕಡೆ ಬಿಳಿಯ ಗೋಪುರದ ಚರ್ಚು, ಅದಕ್ಕೆ ಎದುರಾಗಿ ವೈಡ್‌ನರ್ ಗ್ರಂಥಾಲಯದ ಭಾರಿ ಕಂಬಗಳು, ನಡುವೆ ಮರಗಳಡಿಯ ಹುಲ್ಲುಹಾಸು. ಆ ಹುಲ್ಲಿನ ಮೇಲೆ ಕಣ್ಣು ಹಾಯುವವರೆಗೆ ಮಡಚುವ ಕುರ್ಚಿಗಳು. ಕೆಲಸದವರು ದಾರ ಹಿಡಿದು ಸಾಲು ನೇರ ಮಾಡುತ್ತಿದ್ದರು. ನನಗೆ ಶಾಲೆಯ ವಾರ್ಷಿಕೋತ್ಸವದ ಮುನ್ನಾದಿನ ನೆನಪಾಗಿ ಸಂತೋಷವೇ ಆಯಿತೆಂಬುದನ್ನು ಮುಚ್ಚಿಡಬಾರದು. ಸಮಾರಂಭವೆಂದರೆ ಹೇಸುವವನಲ್ಲ ನಾನು. ಮೂವತ್ತನಾಲ್ಕು ವರ್ಷ ಶಾಲಾ ನಾಟಕಗಳಿಗೆ ಪರದೆ ಎಳೆದವನು.

ಆ ವಿಧಿಯಲ್ಲಿ ಹೊಸಬರ ಕೈಗೆ ಕೊಡುವ ವಸ್ತುಗಳು ಸೊಗಸಾಗಿವೆ. 1650ರ ಸನ್ನದು, ಮುದ್ರೆಗಳು, ಬೆಳ್ಳಿಯ ಬೀಗದ ಕೈಗಳು, ಕಾಲೇಜಿನ ಅತಿ ಹಳೆಯ ದಾಖಲೆ ಪುಸ್ತಕ. ಅದಾದ ಮೇಲೆ ಹೊಸಬರು ಹೋಗಿ ಒಂದು ಹಳೆಯ ಕುರ್ಚಿಯಲ್ಲಿ ಕೂರುತ್ತಾರೆ. ನೀನು ಕಳಿಸಿದ ನಾಲ್ಕು ಚಿತ್ರಗಳಲ್ಲಿ ಎರಡು ಈ ಕುರ್ಚಿಯವೇ. "ಇಂಥ ಪರಂಪರೆ ನೋಡಿ ಮೈ ಜುಮ್ಮೆಂದಿತು" ಎಂದು ಕೆಳಗೆ ಬರೆದಿದ್ದೀಯೆ. ಹಾಗಾದರೆ ಕುರ್ಚಿಯ ಕಥೆಯನ್ನೇ ಹೇಳೋಣ.

ಮೂರು ಮೂಲೆಯ ಪೀಠ, ಕಡೆದ ಮರದ ಕಂಬಿಗಳು, ಕುಳಿತವರಿಗೆ ಸುಖವೆಂಬುದು ಲೇಶವೂ ಇಲ್ಲವೆಂದು ಪ್ರಸಿದ್ಧಿ. 1737ರಿಂದ 1769ರವರೆಗೆ ಪ್ರೆಸಿಡೆಂಟರಾಗಿದ್ದ ಎಡ್ವರ್ಡ್ ಹೋಲಿಯೋಕ್ ಎಂಬ ಪಾದ್ರಿಗಳು ಅದನ್ನು ಕಾಲೇಜಿಗೆ ತಂದರು. ಮುಂಭಾಗದ ಉರುಟು ಗುಬುಟುಗಳನ್ನು ಅವರೇ ತಮ್ಮ ಕೈಯಾರೆ ಮಾಡಿ ಜೋಡಿಸಿದರೆಂದು ಪ್ರತೀತಿ. ಅಂದಿನಿಂದ ಇಂದಿನವರೆಗೆ ಅಲ್ಲಿಯ ಪ್ರೆಸಿಡೆಂಟರು ಘಟಿಕೋತ್ಸವದಲ್ಲಿ ಕೂರುವುದು ಅದರ ಮೇಲೆ.

ಈ ಹೋಲಿಯೋಕರ ಮನೆಯಲ್ಲಿ ಜೂಬಾ ಮತ್ತು ಬಿಲ್ಹಾ ಎಂಬ ಇಬ್ಬರು ಗುಲಾಮರಿದ್ದರು. ಅವರಿಗಿಂತ ಹಿಂದೆ ಪ್ರೆಸಿಡೆಂಟರಾಗಿದ್ದ ಬೆಂಜಮಿನ್ ವಾಡ್ಸ್‌ವರ್ತರ ಮನೆಯಲ್ಲಿ ಟೈಟಸ್ ಮತ್ತು ವೀನಸ್ ಎಂಬ ಇಬ್ಬರಿದ್ದರು. ಪ್ರೆಸಿಡೆಂಟರ ನಿವಾಸವಾಗಿದ್ದ ಆ ಹಳದಿ ಬಣ್ಣದ ಮನೆ, ವಾಡ್ಸ್‌ವರ್ತ್ ಹೌಸ್, ಈಗಲೂ ಆವರಣದ ಅಂಚಿನಲ್ಲಿ ರಸ್ತೆಗೆ ಮುಖ ಮಾಡಿ ನಿಂತಿದೆ. ಈ ನಾಲ್ವರ ಹೆಸರನ್ನು ಒಂದು ಕಲ್ಲಿನ ಮೇಲೆ ಕೊರೆದು ಆ ಗೋಡೆಗೆ ಹಚ್ಚಲು 2016ರ ಏಪ್ರಿಲ್ ತಿಂಗಳವರೆಗೆ ಕಾಯಬೇಕಾಯಿತು. ಕುರ್ಚಿಗೆ ಎರಡೂವರೆ ಶತಮಾನ ಮೆರವಣಿಗೆ; ಕುರ್ಚಿಯವರ ಮನೆಯಲ್ಲಿ ನೀರು ಹೊತ್ತವರಿಗೆ ಒಂದು ಫಲಕ, ಅದೂ ಮೊನ್ನೆ ಮೊನ್ನೆ. ಕುರ್ಚಿಯನ್ನು ಸುಡಬೇಕೆಂದು ನಾನು ಹೇಳುತ್ತಿಲ್ಲ. ಪರಂಪರೆ ಎಂದು ಮೈ ಜುಮ್ಮೆನ್ನಿಸಿಕೊಳ್ಳುವಾಗ ಉತ್ಸವವು ನಮಗೆ ಯಾವುದನ್ನು ತೋರಿಸುತ್ತದೆ, ಯಾವುದನ್ನು ತೋರಿಸುವುದಿಲ್ಲ ಎಂದು ಕೇಳಬೇಕಲ್ಲವೇ? ಇತಿಹಾಸದ ಪಾಠದಲ್ಲಿ ನಾನು ನಿಮಗೆ ಕಲಿಸಿದ್ದು ಅಷ್ಟನ್ನೇ.

ಇನ್ನು ಸಂಪ್ರದಾಯದ ಮಾತು. "ನಾಲ್ಕು ಶತಮಾನಗಳಿಂದ ನಡೆದುಬಂದ ಉತ್ಸವ" ಎಂದು ಬರೆದಿದ್ದೀಯೆ. ಕ್ಷಮಿಸು, ಆ ಉತ್ತರಕ್ಕೆ ಅಂಕ ಕೊಡಲಾರೆ. ಕಾಲೇಜು 1636ರದು ನಿಜ. ಆದರೆ ಪದಗ್ರಹಣವು ಕೆಲವೊಮ್ಮೆ ಅದ್ದೂರಿಯಾಗಿ, ಕೆಲವೊಮ್ಮೆ ತೀರ ಸರಳವಾಗಿ ನಡೆದಿದೆ. 1909ರಲ್ಲಿ ಲೋವೆಲ್ ಎಂಬವರು ಬಂದಾಗ ಎರಡು ದಿನದ ಸಂಭ್ರಮವಾಯಿತು. ಅವರ ನಂತರ 1933ರಲ್ಲಿ ಬಂದವರು ಜೇಮ್ಸ್ ಕೊನಾಂಟ್, ರಸಾಯನಶಾಸ್ತ್ರಜ್ಞರು. ದೇಶ ಮಹಾ ಆರ್ಥಿಕ ಕುಸಿತದಲ್ಲಿ ಮುಳುಗಿದ್ದ ಕಾಲ, ಬ್ಯಾಂಕುಗಳು ಬಾಗಿಲು ಹಾಕಿದ್ದವು, ಊರೂರಿನಲ್ಲಿ ಕೆಲಸವಿಲ್ಲದವರ ಸಾಲು. ಕೊನಾಂಟರ ಪದಗ್ರಹಣ ಯೂನಿವರ್ಸಿಟಿ ಹಾಲ್ ಎಂಬ ಕಟ್ಟಡದಲ್ಲಿ ಅಧ್ಯಾಪಕರು ಸಭೆ ಸೇರುವ ಕೋಣೆಯೊಳಗೆ, ಕೆಲವೇ ಜನರ ಎದುರಿಗೆ, ಸ್ವಲ್ಪ ಹೊತ್ತಿನಲ್ಲಿ ಮುಗಿಯಿತು. ಅದಕ್ಕೆ ಮಾದರಿಯಾಗಿ ತೆಗೆದುಕೊಂಡದ್ದು 1708ರಲ್ಲಿ ಜಾನ್ ಲೆವೆರೆಟ್ ಅಧಿಕಾರ ವಹಿಸಿಕೊಂಡ ರೀತಿಯನ್ನು. ಸಂಪ್ರದಾಯ ಬೇಕೆನ್ನುವವರಿಗೆ ಅದಕ್ಕಿಂತ ಹಳೆಯದು ಎಲ್ಲಿ ಸಿಗುತ್ತದೆ!

1953ರಲ್ಲಿ ಪ್ಯೂಸಿ ಬಂದಾಗಲೂ 1971ರಲ್ಲಿ ಡೆರೆಕ್ ಬಾಕ್ ಬಂದಾಗಲೂ ಅದೇ ಕೋಣೆ, ಅದೇ ಸರಳತೆ. ಬಾಕ್ ಅವರ ಸಂಗತಿಯಲ್ಲಿ ಒಂದು ವಿಶೇಷವಿದೆ. 1969ರ ಏಪ್ರಿಲ್‌ನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಸಿಡಿದೆದ್ದ ವಿದ್ಯಾರ್ಥಿಗಳು ಇದೇ ಯೂನಿವರ್ಸಿಟಿ ಹಾಲನ್ನು ಆಕ್ರಮಿಸಿಕೊಂಡಿದ್ದರು. ಪ್ಯೂಸಿ ಪೊಲೀಸರನ್ನು ಕರೆಸಿದರು. ಬೆಳಗಿನ ಜಾವ ಲಾಠಿಗಳು ಬೀಸಿದವು. ಎರಡು ವರ್ಷಗಳ ಮೇಲೆ ಅದೇ ಕಟ್ಟಡದೊಳಗೆ ಹೊಸಬರು ಸದ್ದಿಲ್ಲದೆ ಬೀಗದ ಕೈ ಪಡೆದರು. ಪೆಟ್ಟು ತಿಂದ ಮನೆಯಲ್ಲಿ ವಾಲಗ ಊದಿಸಬಾರದೆಂಬ ಇಂಗಿತ ಅಲ್ಲಿದ್ದೀತೆಂದು ನನ್ನ ಊಹೆ. ಹುಲ್ಲುಹಾಸಿನ ಮೇಲಿನ ಮಹೋತ್ಸವ ಮತ್ತೆ ಬಂದದ್ದು 1991ರಲ್ಲಿ, ನೀಲ್ ರೂಡೆನ್‌ಸ್ಟೈನ್ ಅವರ ಕಾಲಕ್ಕೆ. ಅಂದರೆ ನೀನು ಪರಂಪರೆ ಎಂದು ಕಣ್ಣೀರು ಹಾಕಿದ ರೂಪವು ನಿನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗಿಂತ ಐದು ವರ್ಷ ಚಿಕ್ಕದು.

ಯಾವುದೋ ಒಂದನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯ ಅವರಿಗೂ ಇತ್ತು, ನಮಗೂ ಇದೆ. ನಾನಾದರೆ ಕೊನಾಂಟರ ಕೋಣೆಯನ್ನು ಆಯ್ದುಕೊಳ್ಳುತ್ತೇನೆ. ಕಾರಣವನ್ನು ಹೇಳಲು 2023ರ ಸಂಗತಿಗೆ ಬರಬೇಕು.

ಆ ವರ್ಷದ ಸೆಪ್ಟೆಂಬರ್ 29ರಂದು ಕ್ಲಾಡೀನ್ ಗೇ ಅವರ ಪದಗ್ರಹಣವಾಯಿತು. ಆ ಸ್ಥಾನಕ್ಕೆ ಬಂದ ಮೊದಲ ಕರಿಯ ಜನಾಂಗದವರು. ಎಡೆಬಿಡದ ಮಳೆ. ನಿನ್ನ ಚಿತ್ರದಲ್ಲಿಯೂ ಪ್ಲಾಸ್ಟಿಕ್ ಹೊದ್ದ ಜನ, ಕೊಡೆಗಳ ಸಾಲು ಕಾಣುತ್ತವೆ. ಆ ಮಳೆಯಲ್ಲಿ ಅವರು ತಮ್ಮ ಭಾಷಣದೊಳಗೆ ಟೈಟಸ್, ವೀನಸ್, ಜೂಬಾ, ಬಿಲ್ಹಾ ಈ ನಾಲ್ವರ ಹೆಸರನ್ನೂ ಹೇಳಿದರು. ತಾವು ನಿಂತ ಸ್ಥಳಕ್ಕೆ ಅವರಿದ್ದ ಮನೆ ಎಷ್ಟು ಹತ್ತಿರವೆಂಬುದನ್ನು ಸಭೆಗೆ ನೆನಪಿಸಿದರು. ಹಾಗೆ ಹೇಳಿ ಹೋಗಿ ಹೋಲಿಯೋಕರ ಅದೇ ಕುರ್ಚಿಯನ್ನು ಅಲಂಕರಿಸಿದವರು ಅವರು. ಆ ಗಳಿಗೆಯ ಘನತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಮಳೆಯಲ್ಲಿ ಕುಳಿತು ಚಪ್ಪಾಳೆ ತಟ್ಟಿದವರ ಸಂತೋಷವೂ ಸುಳ್ಳಲ್ಲ.

ಎಂಟು ದಿನ ಕಳೆದವು. ಅಕ್ಟೋಬರ್ 7ರಂದು ಇಸ್ರೇಲಿನ ಮೇಲೆ ಹಮಾಸ್ ದಾಳಿ, ಆಮೇಲೆ ಗಾಜಾದ ಯುದ್ಧ. ಆವರಣದೊಳಗೆ ಪ್ರತಿಭಟನೆ, ಹೊರಗಿನಿಂದ ದಾನಿಗಳ ಒತ್ತಡ. ಡಿಸೆಂಬರ್ 5ರಂದು ಅಮೆರಿಕದ ಸಂಸತ್ತಿನ ಸಮಿತಿಯೆದುರು ಅವರು ಕೊಟ್ಟ ಉತ್ತರಗಳಿಗೆ ದೇಶದಾದ್ಯಂತ ಟೀಕೆ. ಅದರ ಬೆನ್ನಿಗೇ ಅವರ ಹಳೆಯ ಸಂಶೋಧನಾ ಬರಹಗಳಲ್ಲಿ ಇತರರ ವಾಕ್ಯಗಳನ್ನು ಸರಿಯಾಗಿ ಉಲ್ಲೇಖಿಸಿಲ್ಲವೆಂಬ ಆರೋಪ. ಡಿಸೆಂಬರ್ 12ರಂದು ಆಡಳಿತ ಮಂಡಳಿ, ನಾವೆಲ್ಲ ಒಮ್ಮತದಿಂದ ಅವರ ಹಿಂದಿದ್ದೇವೆ ಎಂದು ಘೋಷಿಸಿತು. ಮೂರು ವಾರ. 2024ರ ಜನವರಿ 2ರಂದು ಅವರು ರಾಜೀನಾಮೆ ಕೊಟ್ಟರು. ಆ ಸಂಸ್ಥೆಯ ಇತಿಹಾಸದಲ್ಲೇ ಅತ್ಯಂತ ಅಲ್ಪಾವಧಿಯ ಅಧಿಕಾರ. ಉತ್ಸವದ ದಿನದಿಂದ ಎಣಿಸಿದರೆ ತೊಂಬತ್ತೈದು ದಿನ.

ಅವರ ಉತ್ತರ ಸರಿಯೋ ತಪ್ಪೋ, ಆರೋಪದಲ್ಲಿ ಹುರುಳೆಷ್ಟು, ರಾಜಕೀಯವೆಷ್ಟು ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ನಮ್ಮ ಬಂಧುಗಳಲ್ಲಿಯೇ ಈ ವಿಷಯದಲ್ಲಿ ಎರಡು ಬಣಗಳಿವೆ. ಕಳೆದ ಯುಗಾದಿಯಂದು ಹೋಳಿಗೆ ಆರುವವರೆಗೂ ವಾದ ನಡೆಯಿತು. ನನ್ನ ಪ್ರಶ್ನೆ ಬೇರೆ. ಸೆಪ್ಟೆಂಬರಿನಲ್ಲಿ ಮಳೆಯಲ್ಲಿ ನಿಲ್ಲಿಸಿ ಬೀಗದ ಕೈ ಕೊಟ್ಟವರ ಪೈಕಿ ಎಷ್ಟು ಜನ ಡಿಸೆಂಬರಿನಲ್ಲಿ ಜೊತೆಗೆ ನಿಂತರು? ನಿಲ್ಲಬೇಕಿತ್ತೆಂದೂ ನಾನು ಹೇಳುತ್ತಿಲ್ಲ. ನಿಲ್ಲುವ ಉದ್ದೇಶವಿಲ್ಲದಿದ್ದರೆ ಅಷ್ಟು ದೊಡ್ಡ ತೇರನ್ನು ಕಟ್ಟಿದ್ದು ಯಾರಿಗಾಗಿ? ನನಗೆ ತೋರುವ ಉತ್ತರ ಒಂದೇ. ಪದಗ್ರಹಣದ ಉತ್ಸವ ಬಂದವರ ಉತ್ಸವವಲ್ಲ, ಆರಿಸಿದವರ ಉತ್ಸವ. ನೋಡಿ, ನಾವೆಂಥವರನ್ನು ಹುಡುಕಿ ತಂದಿದ್ದೇವೆ ಎಂದು ಆಡಳಿತ ಮಂಡಳಿ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವ ಬಗೆ ಅದು. ಕುಳಿತವರು ಅಲ್ಲಿ ನೆಪ.

ಇದನ್ನು ಓದಿ ತಿಳಿದವನಲ್ಲ ನಾನು, ಮಾಡಿ ತಿಳಿದವನು. ಅದಕ್ಕೇ ಈಗ ನನ್ನದೇ ಒಂದು ಕಥೆ ಹೇಳಬೇಕಾಗಿದೆ. ಹಲವರಿಗೆ ಗೊತ್ತಿಲ್ಲದ್ದು, ಕೆಲವರಿಗೆ ಗೊತ್ತಿದ್ದೂ ನನ್ನ ಮುಖ ನೋಡಿ ಸುಮ್ಮನಿದ್ದದ್ದು.

ನಾನು ಕೆಲಸ ಮಾಡಿದ ಶಾಲೆಗಳಲ್ಲಿ ಒಂದಕ್ಕೆ (ಯಾವುದೆಂದು ಬೇಡ) ಹೊಸ ಮುಖ್ಯೋಪಾಧ್ಯಾಯರು ಬರುವವರಿದ್ದರು. ಆಡಳಿತ ಮಂಡಳಿಯವರು ಬಹಳ ಪ್ರಯತ್ನಪಟ್ಟು ಕರೆತಂದಿದ್ದರು; ಎರಡು ಎಂ.ಎ., ಇಂಗ್ಲಿಷ್ ಎಂದರೆ ನೀರು ಕುಡಿದಷ್ಟು ಸಲೀಸು. ಬಸ್ ನಿಲ್ದಾಣದಿಂದ ಶಾಲೆಯವರೆಗೆ ವಾದ್ಯದೊಡನೆ ಮೆರವಣಿಗೆಯಲ್ಲಿ ಬರಮಾಡಿಕೊಳ್ಳಬೇಕೆಂದು ತೀರ್ಮಾನವಾಯಿತು. ಮಕ್ಕಳನ್ನು ರಸ್ತೆಯ ಎರಡೂ ಬದಿ ನಿಲ್ಲಿಸುವ ಹೊಣೆ ನನ್ನದು. ಹನ್ನೊಂದು ಗಂಟೆಗೆ ಬರಬೇಕಾದ ಬಸ್ಸು ಒಂದೂವರೆಗೆ ಬಂದಿತು. ಬಿಸಿಲಿನಲ್ಲಿ ಕಾಗದದ ಬಾವುಟ ಹಿಡಿದು ನಿಂತ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕುಸಿದು ಬಿದ್ದಳು. ಹಣೆ ಕಲ್ಲಿಗೆ ತಾಗಿತು. ಅವಳನ್ನು ಎತ್ತಿಕೊಂಡು ಹೋದದ್ದು ನಮ್ಮ ಜವಾನ, ನಾನಲ್ಲ. ನಾನು ಸಾಲು ಕೆಡದಂತೆ ನೋಡಿಕೊಳ್ಳುತ್ತಿದ್ದೆ. ಈ ವಾಕ್ಯ ಬರೆಯಲು ನನಗೆ ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿದಿದೆ.

ವಾದ್ಯದವರಿಗೂ ಹಾರಗಳಿಗೂ ಹಣ ಎಲ್ಲಿಂದ ಬಂತೆಂದು ಆಮೇಲೆ ತಿಳಿಯಿತು. ಆ ವರ್ಷ ಗ್ರಂಥಾಲಯಕ್ಕೆ ಒಂದು ಪುಸ್ತಕವೂ ಬರಲಿಲ್ಲ. ಆ ಮುಖ್ಯೋಪಾಧ್ಯಾಯರು ಕೆಟ್ಟವರಾಗಿರಲಿಲ್ಲ. ಅಷ್ಟು ದೊಡ್ಡ ಸ್ವಾಗತಕ್ಕೆ ತಕ್ಕಂತೆ ಇರಬೇಕೆಂಬ ಭಾರದಲ್ಲಿ ಯಾವ ಸಣ್ಣ ತಪ್ಪನ್ನೂ ಒಪ್ಪಿಕೊಳ್ಳಲಾರದವರಾದರು. ಮಂಡಳಿಯ ನಿರೀಕ್ಷೆ ಒಂದಾಗಿತ್ತು, ಶಾಲೆಯ ಅಗತ್ಯ ಇನ್ನೊಂದು. ಎಂಟು ತಿಂಗಳಲ್ಲಿ ಹೊರಟುಹೋದರು. ಹೊರಟ ದಿನ ಬಸ್ ನಿಲ್ದಾಣದಲ್ಲಿ ಅವರ ಜೊತೆ ಇದ್ದದ್ದು ಅವರ ಟ್ರಂಕು ಮತ್ತು ಅದನ್ನು ಹೊತ್ತು ತಂದ ಅದೇ ಜವಾನ.

ಅವರ ಬಳಿಕ ಬಂದವರು ಜೂನ್ ತಿಂಗಳ ಒಂದು ಮಳೆಯ ಬೆಳಿಗ್ಗೆ ಕೊಡೆ ಮಡಚಿಕೊಂಡು ಒಳಗೆ ಬಂದು, ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ, "ಯಾವ ಕೊಠಡಿ ಸೋರುತ್ತದೆ, ತೋರಿಸಿ" ಎಂದು ಕೇಳಿದರು. ಅಷ್ಟೇ ಅವರ ಪದಗ್ರಹಣ. ಹನ್ನೊಂದು ವರ್ಷ ಇದ್ದರು. ನಿವೃತ್ತಿಯ ದಿನ ಊರಿಗೆ ಊರೇ ಬಂದಿತ್ತು. ಯಾರೂ ಕರೆದಿರಲಿಲ್ಲ. ವೇದಿಕೆಯ ಮೇಲೆ ಮಾತಾಡಲು ಎದ್ದ ಆ ಜವಾನನಿಗೆ ಗಂಟಲು ಕಟ್ಟಿ ಒಂದು ಮಾತೂ ಹೊರಡಲಿಲ್ಲ. ಹಾರ ಹಾಕಿ ಕೆಳಗಿಳಿದ. ನಮ್ಮ ಕಡೆಯಲ್ಲಿ ಬೀಳ್ಕೊಡುಗೆಯೆಂಬುದು ಹೀಗಿತ್ತು. ಮಾಡಿದ ಕೆಲಸಕ್ಕೆ ಹಾರ. ಮಾಡಬೇಕಾದ ಕೆಲಸಕ್ಕೆ ಹಾರ ಹಾಕುವುದೆಂದರೆ ಪರೀಕ್ಷೆಗೆ ಮುಂಚೆಯೇ ಅಂಕಪಟ್ಟಿ ಕೊಟ್ಟಂತೆ.

ನೀನು ಎತ್ತಬಹುದಾದ ಒಂದು ಆಕ್ಷೇಪವನ್ನು ನಾನೇ ಎತ್ತುತ್ತೇನೆ. ಪದಗ್ರಹಣವಿಲ್ಲದಿದ್ದರೆ ಪದಗ್ರಹಣದ ಭಾಷಣವೂ ಇಲ್ಲ. ಅದು ನಷ್ಟವಲ್ಲವೇ? ಒಪ್ಪಿದೆ. 1869ರ ಅಕ್ಟೋಬರ್‌ನಲ್ಲಿ ಚಾರ್ಲ್ಸ್ ಎಲಿಯಟ್ ಎಂಬ ಮೂವತ್ತೈದು ವರ್ಷದ ತರುಣ, ಅವರೂ ರಸಾಯನಶಾಸ್ತ್ರದವರು, ಚರ್ಚಿನಲ್ಲಿ ಸೇರಿದ್ದ ಸಭೆಯ ಮುಂದೆ ಸುಮಾರು ಒಂದೂಮುಕ್ಕಾಲು ಗಂಟೆ ಮಾತಾಡಿದರು. ವಿದ್ಯಾರ್ಥಿಗೆ ತನ್ನ ವಿಷಯವನ್ನು ತಾನೇ ಆಯ್ದುಕೊಳ್ಳುವ ಅವಕಾಶವಿರಬೇಕೆಂಬ ಅವರ ವಾದ ಮುಂದಿನ ನಲವತ್ತು ವರ್ಷಗಳ ಅವರ ಆಡಳಿತಕ್ಕೆ ನಕಾಶೆಯಾಯಿತು. ಅಮೆರಿಕದ ಉನ್ನತ ಶಿಕ್ಷಣದ ಮುಖವನ್ನೇ ತಿರುಗಿಸಿತು. ನೀನು ಇಂಜಿನಿಯರಿಂಗಿನ ಜೊತೆ ಸಂಗೀತದ ಒಂದು ಪಾಠ ತೆಗೆದುಕೊಂಡೆನೆಂದು ಹಿಂದೊಮ್ಮೆ ಬರೆದಿದ್ದೆಯಲ್ಲ, ಅದರ ಬೇರು ಅಲ್ಲಿದೆ. ಅದೇ ಭಾಷಣದಲ್ಲಿ, ಕಾಲೇಜಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲವೆಂದೂ ಹೇಳಿದರು! ಒಳ್ಳೆಯದನ್ನೂ ತಪ್ಪನ್ನೂ ಸ್ಪಷ್ಟವಾಗಿ ಹೇಳಿದರು. ಆದ್ದರಿಂದಲೇ ಮುಂದಿನವರು ಅದರೊಡನೆ ಜಗಳವಾಡಲು ಸಾಧ್ಯವಾಯಿತು.

2007ರ ಅಕ್ಟೋಬರ್ 12ರಂದು ಅದೇ ಸಂಸ್ಥೆಗೆ ಮೊದಲ ಮಹಿಳಾ ಪ್ರೆಸಿಡೆಂಟ್ ಬಂದರು, ಇತಿಹಾಸಕಾರ್ತಿ ಡ್ರೂ ಫೌಸ್ಟ್. ಪದಗ್ರಹಣದ ಭಾಷಣವೆಂದರೆ ತಾನು ಏನು ಹೇಳುತ್ತಿದ್ದೇನೆಂದು ಇನ್ನೂ ತಿಳಿಯದವರು ಮಾಡುವ ಘೋಷಣೆ ಎಂಬ ಅರ್ಥದ ಮಾತನ್ನು ಅವರು ಆ ಭಾಷಣದಲ್ಲಿಯೇ ನಗುತ್ತ ಆಡಿದರು. ನನಗೆ ಬಹಳ ಹಿಡಿಸಿದ ಮಾತು. ಒಂಬತ್ತು ವರ್ಷ ಕೆಲಸ ಮಾಡಿದ ಮೇಲೆ, 2016ರಲ್ಲಿ, ವಾಡ್ಸ್‌ವರ್ತ್ ಹೌಸಿನ ಗೋಡೆಯ ಮೇಲೆ ಆ ನಾಲ್ವರ ಹೆಸರಿನ ಫಲಕವನ್ನು ಅನಾವರಣ ಮಾಡಿದವರಲ್ಲಿ ಅವರೂ ಒಬ್ಬರು. ಅಂದು ನಿಲುವಂಗಿಗಳ ಮಹಾ ಮೆರವಣಿಗೆಯಿರಲಿಲ್ಲ. ಅವರ ಅವಧಿಯ ಯಾವ ದಿನಕ್ಕೆ ಹಾರ ಸಲ್ಲಬೇಕೆಂದು ಕೇಳಿದರೆ ನಾನು ಆ ದಿನವನ್ನು ತೋರಿಸುತ್ತೇನೆ.

ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ, ಅದೇ ಆವರಣದ ಊಟದ ಮನೆಗಳ ಸುಮಾರು 750 ನೌಕರರು ಮೂರು ವಾರ ಮುಷ್ಕರ ಹೂಡಿದರೆಂಬುದನ್ನೂ ಹೇಳದಿದ್ದರೆ ಪಕ್ಷಪಾತವಾದೀತು. ವರ್ಷಕ್ಕೆ 35,000 ಡಾಲರ್ ಆದರೂ ಕೈಗೆ ಬರಬೇಕೆಂಬುದು ಅವರ ಬೇಡಿಕೆಗಳಲ್ಲಿ ಒಂದು. ಆಗ ವಿಶ್ವವಿದ್ಯಾನಿಲಯದ ನಿಧಿ ಮೂವತ್ತೈದು ಶತಕೋಟಿ ಡಾಲರಿಗೂ ಮಿಗಿಲು. ಕೊನೆಗೆ ಅವರ ಬೇಡಿಕೆ ಈಡೇರಿತು, ಸಂತೋಷ. ಪದಗ್ರಹಣದ ಔತಣಗಳ ಚಿತ್ರಗಳನ್ನು ನೋಡುವಾಗಲೆಲ್ಲ ತಟ್ಟೆ ಹಿಡಿದು ಅಂಚಿನಲ್ಲಿ ನಿಂತವರ ಕಡೆಗೆ ನನ್ನ ಕಣ್ಣು ಹೋಗುತ್ತದೆ. ಬಹುಶಃ ಆ ಜವಾನನ ಋಣ.

ಹಾಗಾದರೆ ಆವರಣದಲ್ಲಿ ಸಂಭ್ರಮವೇ ಬೇಡವೇ? ಬೇಕು. ಪ್ರೆಸಿಡೆಂಟರೊಬ್ಬರು ಬಂದುದಕ್ಕಾಗಿ ನಡೆದ, ನನ್ನ ಮೆಚ್ಚಿಗೆಯ ಸಂಭ್ರಮವೊಂದಿದೆ. ಅದು ಹಾರ್ವರ್ಡಿನದಲ್ಲ. ವಾಷಿಂಗ್ಟನ್ನಿನಲ್ಲಿ ಗ್ಯಾಲೊಡೆಟ್ ಎಂಬ ವಿಶ್ವವಿದ್ಯಾನಿಲಯವಿದೆ, ಕಿವಿ ಕೇಳದವರಿಗಾಗಿಯೇ ಇರುವುದು. 1864ರಲ್ಲಿ ಅದಕ್ಕೆ ಪದವಿ ನೀಡುವ ಅಧಿಕಾರ ಕೊಟ್ಟ ಶಾಸನಕ್ಕೆ ಸಹಿ ಹಾಕಿದವರು ಅಬ್ರಹಾಂ ಲಿಂಕನ್. ಅಂದಿನಿಂದ 124 ವರ್ಷ ಅದರ ಪ್ರೆಸಿಡೆಂಟರೆಲ್ಲ ಕಿವಿ ಕೇಳುವವರೇ. 1988ರ ಮಾರ್ಚ್ 6ರಂದು ಆಡಳಿತ ಮಂಡಳಿ ಮತ್ತೆ ಕಿವಿ ಕೇಳುವವರೊಬ್ಬರನ್ನೇ ಆರಿಸಿತು. ವಿದ್ಯಾರ್ಥಿಗಳು ಆವರಣದ ಬಾಗಿಲು ಮುಚ್ಚಿದರು. ಸಂಸತ್ ಭವನದ ಕಡೆಗೆ ನಡೆದರು. ನಾಲ್ಕು ಬೇಡಿಕೆ: ಕಿವುಡರೇ ಪ್ರೆಸಿಡೆಂಟರಾಗಬೇಕು, ಮಂಡಳಿಯ ಅಧ್ಯಕ್ಷರು ರಾಜೀನಾಮೆ ಕೊಡಬೇಕು, ಮಂಡಳಿಯಲ್ಲಿ ಕಿವುಡರಿಗೆ ಬಹುಮತವಿರಬೇಕು, ಚಳವಳಿ ಮಾಡಿದವರನ್ನು ಶಿಕ್ಷಿಸಬಾರದು. ಒಂದು ವಾರ, ಒಂದೇ ಒಂದು ವಾರ. ಆಯ್ಕೆಯಾದವರು ಹಿಂದೆ ಸರಿದರು. ಮಾರ್ಚ್ 13ರಂದು ಐ. ಕಿಂಗ್ ಜೋರ್ಡನ್ ಎಂಬ ಕಿವುಡ ಪ್ರಾಧ್ಯಾಪಕರು ಪ್ರೆಸಿಡೆಂಟರಾದರು. ಕಿವುಡರ ಚಪ್ಪಾಳೆಯೆಂದರೆ ಎರಡು ಕೈ ಮೇಲೆತ್ತಿ ಬೆರಳುಗಳನ್ನು ಅಲ್ಲಾಡಿಸುವುದು. ಹುಡುಗರು ತಾವೇ ಗಳಿಸಿಕೊಂಡ ಹಬ್ಬ ಅದು. ಯಾವ ಮಂಡಳಿಯೂ ಅಚ್ಚು ಹಾಕಿಸಿದ ಆಹ್ವಾನ ಪತ್ರಿಕೆಯ ಹಬ್ಬವಲ್ಲ. ಅಂಥದ್ದಕ್ಕೆ ಹಣ ಎತ್ತುವೆಯಾದರೆ ನನ್ನ ಪಿಂಚಣಿಯಿಂದ ಮೊದಲ ಕಂತು.

ಈಗ ನಿನ್ನ ಯೋಜನೆ. ನಮ್ಮಲ್ಲಿ ಕುಲಪತಿಗಳನ್ನು ಶೋಧನಾ ಸಮಿತಿಯೊಂದು ಸೂಚಿಸಿದ ಹೆಸರುಗಳಿಂದ ಆರಿಸುತ್ತಾರೆ. ನಾಲ್ಕು ವರ್ಷದ ಅವಧಿ. ಆ ನಾಲ್ಕರಲ್ಲಿ ಆರು ತಿಂಗಳು ಸ್ವಾಗತಕ್ಕೆ, ಆರು ತಿಂಗಳು ಬೀಳ್ಕೊಡುಗೆಗೆ ಈಗಾಗಲೇ ಸಂದುಹೋಗುತ್ತಿದೆ. ಬಂದವರು ಕಚೇರಿಯ ಬಾಗಿಲು ದಾಟುವ ಮೊದಲೇ ಶಾಲುಗಳ ರಾಶಿ, ಹಣ್ಣಿನ ಬುಟ್ಟಿ, ಗೇಟಿನಲ್ಲಿ ಆಳೆತ್ತರದ ಫ್ಲೆಕ್ಸು. ಆ ಫ್ಲೆಕ್ಸಿನ ಕೆಳಸಾಲಿನಲ್ಲಿ ಕೈಮುಗಿದು ನಿಂತವರು ಯಾವ ಕೆಲಸಕ್ಕಾಗಿ ನಿಂತಿದ್ದಾರೆಂಬುದು ಎಲ್ಲರಿಗೂ ಗೊತ್ತು. ನೀನು ಅಮೆರಿಕದಿಂದ ತರಲು ಹೊರಟ ನಿಲುವಂಗಿಯ ಮೆರವಣಿಗೆ ಈ ರೋಗಕ್ಕೆ ಔಷಧವಲ್ಲ, ಜರತಾರಿ ಅಂಚು. ತಿಂಗಳುಗಟ್ಟಲೆ ಸಂಭಾವನೆಗಾಗಿ ಕಾಯುವ ಅತಿಥಿ ಉಪನ್ಯಾಸಕರು ಆ ಮೆರವಣಿಗೆಯಲ್ಲಿ ಯಾವ ಸಾಲಿನಲ್ಲಿ ನಡೆಯಬೇಕೆಂದು ನಿನ್ನ ಸಮಿತಿ ತೀರ್ಮಾನಿಸಿದೆಯೇ? ಅವರಲ್ಲಿ ಇಬ್ಬರು ನನ್ನ ವಿದ್ಯಾರ್ಥಿಗಳು, ನಿನಗಿಂತ ಹತ್ತು ವರ್ಷ ಕಿರಿಯರು. ಈ ಪುಟವನ್ನು ಅವರೂ ಓದುತ್ತಾರೆ.

ಆದ್ದರಿಂದ ನನ್ನ ಹೆಸರಿನಲ್ಲಿ ಮನವಿ ಹೊರಡಿಸಬೇಡ. ಬಂಧುಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನ ವಿನಂತಿಯಿಷ್ಟೇ, ಉತ್ಸವಕ್ಕೆಂದು ಯಾರಾದರೂ ಕೇಳಿದರೆ ನಾಲ್ಕು ವರ್ಷ ತಾಳಿರಿ ಎನ್ನಿ. ಹೊಸ ಕುಲಪತಿಗಳು ಬರಲಿ, ಸಹಿ ಮಾಡಲಿ, ವಿದ್ಯಾರ್ಥಿನಿಲಯದಲ್ಲಿ ಒಂದು ಹೊತ್ತು ಊಟ ಮಾಡಲಿ. ಬೇಕಿದ್ದರೆ ಎಲಿಯಟರಂತೆ ಒಂದೂಮುಕ್ಕಾಲು ಗಂಟೆ ಮಾತಾಡಲಿ. ನಾನೇ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಅವಧಿ ಮುಗಿದ ದಿನ ಹಾರಕ್ಕೆ ಹೂವು ನಮ್ಮ ಹಿತ್ತಲಿನಿಂದಲೇ ಬರುತ್ತದೆ.

ಬೇಸರ ಮಾಡಿಕೊಳ್ಳಬೇಡ ಕಣಪ್ಪಾ. ನಿನ್ನ ಪತ್ನಿಗೂ ಮಕ್ಕಳಿಗೂ ನನ್ನ ಆಶೀರ್ವಾದಗಳನ್ನು ತಿಳಿಸು. ಮುಂದಿನ ಸಲ ಆ ಕಡೆ ಹೋದಾಗ ರಸ್ತೆಯ ಬದಿಯ ಹಳದಿ ಮನೆಯ ಹತ್ತಿರ ನಿಂತು ಆ ಫಲಕದ ಚಿತ್ರವೊಂದನ್ನು ತೆಗೆದು ಕಳಿಸು. ನಾಲ್ಕೂ ಹೆಸರು ಓದಲು ಬರುವಂತಿರಲಿ. ಕುರ್ಚಿಯ ಚಿತ್ರ ಇನ್ನು ಬೇಡ, ಎರಡಿವೆ.